ಜೋಳದ ನುಚ್ಚಿಗೆ ಯಾವ ಡ್ರಿಲ್ ಮಷೀನ್?

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಕೆಳಗೇ ಹಿಟ್ಟಿನ ಗಿರಣಿ ಇದೆ. ಜೋಳ, ಗೋಧಿ ಬೀಸಿಸೋಕೆ ತೊಂದರೆ ಇಲ್ಲ. ತೊಂದರೆ ಬರೋದು ನುಚ್ಚಿಗೆ. ಒಂದು ಕಿಲೋ ಜೋಳಕ್ಕಾಗಿ ಕಲ್ಲು ಸಡಿಲ ಮಾಡಿ ಅಂದರೆ, ಐದು ಕಿಲೋ ಇದ್ದರೆ ತನ್ನಿ ಅನ್ನುತ್ತಾರೆ. ಒಡೆದು ಕೊಟ್ಟರೂ ಹಿಂದಿನವರ ಗೋಧಿ ಹಿಟ್ಟು ನಮ್ಮ ಡಬ್ಬಿಗೆ ಬಂದೇ ಬರುತ್ತದೆ. ಮಿಕ್ಸರ್‌ಗೆ ಹಾಕೋಣ ಅಂದರೆ, ಅದರ ಬ್ಲೇಡು ನಿಮಿಷಕ್ಕೆ 18,000 ಸುತ್ತು ತಿರುಗುವಂಥದ್ದು. ಅರ್ಧ ಹಿಟ್ಟಾಗುತ್ತದೆ, ಉಳಿದದ್ದು ಇಡೀ ಕಾಳಾಗಿಯೇ ಕೂರುತ್ತದೆ.

ವಿಜಯಪುರದ ಮನೆಯಲ್ಲಿ ಅವ್ವ ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದಳು. ಮೂರನೇ ಮಹಡಿಯ ಫ್ಲಾಟಿಗೆ ಆ ಕಲ್ಲು ತರೋದಾಗಲಿಲ್ಲ. ಅದಕ್ಕೆ ಮೇಜಿಗೆ ಬಿಗಿಯುವ ಬೀಡುಕಬ್ಬಿಣದ ಕೈಗಿರಣಿ ತಂದೆವು. ನುಚ್ಚು ಚೆನ್ನಾಗಿ ಬರುತ್ತದೆ, ಆದರೆ ಭುಜ ಬಿದ್ದು ಹೋಗುತ್ತದೆ. ಅದರ ಹಿಡಿಕೆ ತೆಗೆದು ಡ್ರಿಲ್ ಮಷೀನಿನಿಂದ ತಿರುಗಿಸಬಹುದು. ನಾವು ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದೇವೆ. ಆದರೆ ಮೊದಲ ಡ್ರಿಲ್ ಮೂರನೇ ವಾರಕ್ಕೇ ಸುಟ್ಟಿತು. ತಪ್ಪಾಗಿ ಆರಿಸಿದ್ದು ನಾನೇ. ನಿಮಗೆ ಹಾಗಾಗಬಾರದು ಅಂತ ಇಷ್ಟೂ ಬರೆಯುತ್ತಿದ್ದೇನೆ.

ಮೊದಲು ಕೈಯ ಲೆಕ್ಕ

ಕೈಗಿರಣಿಯ ಹಿಡಿಕೆ ಸುಮಾರು 20 ಸೆಂಟಿಮೀಟರ್ ಉದ್ದ ಅಂದುಕೊಳ್ಳಿ. ಗಟ್ಟಿ ಜೋಳ ಒಡೆಯುವಾಗ ಅದರ ತುದಿಯನ್ನು ಐದು ಕಿಲೋ ಭಾರದಷ್ಟು ಒತ್ತುತ್ತೀರಿ ಅಂತಿಟ್ಟುಕೊಳ್ಳಿ. ಆಗ ಗಿರಣಿಯ ದಂಡಕ್ಕೆ ಬೀಳುವ ತಿರುಚುವ ಬಲ, ಅಂದರೆ ಟಾರ್ಕ್, ಸುಮಾರು 10 ನ್ಯೂಟನ್ ಮೀಟರ್. ನಿಮಿಷಕ್ಕೆ 60 ಸುತ್ತು ತಿರುಗಿಸಿದರೆ ಬೇಕಾಗುವ ಶಕ್ತಿ ಬರೀ 60 ವ್ಯಾಟ್ ಚಿಲ್ಲರೆ. 120 ಸುತ್ತಿಗೆ 125 ವ್ಯಾಟ್.

ಹಾಗಾದರೆ 600 ವ್ಯಾಟಿನ ಡ್ರಿಲ್ ಧಾರಾಳ ಆಯ್ತಲ್ವಾ? ನಾನೂ ಹಾಗೇ ಅಂದುಕೊಂಡೆ. ಇಲ್ಲೇ ಎಡವಿದ್ದು. ಗೋಡೆಗೆ ತೂತು ಹಾಕುವ ಮಾಮೂಲಿ ಡ್ರಿಲ್ ನಿಮಿಷಕ್ಕೆ 2,800 ಸುತ್ತು ಓಡಲೆಂದು ಮಾಡಿದ್ದು. ಅದು ಬಿಸಿಯಾಗದೆ ಸತತವಾಗಿ ಕೊಡಬಲ್ಲ ಟಾರ್ಕ್ ಸುಮಾರು 2 ನ್ಯೂಟನ್ ಮೀಟರ್ ಅಷ್ಟೇ. ನಾವು ಬಟನ್ ಅರ್ಧ ಒತ್ತಿ ನಿಧಾನಕ್ಕೆ ಓಡಿಸುತ್ತಾ 10 ಕೇಳುತ್ತೇವೆ. ಕೊಡುತ್ತದೆ, ಸ್ವಲ್ಪ ಹೊತ್ತು. ಅದನ್ನು ತಂಪು ಮಾಡುವ ಫ್ಯಾನ್ ಮೋಟರಿನ ದಂಡದ ಮೇಲೇ ಇರುತ್ತದೆ. ಮೋಟರ್ ನಿಧಾನವಾದರೆ ಗಾಳಿಯೂ ಕಮ್ಮಿ. ಹೊರೆ ಜಾಸ್ತಿ, ಗಾಳಿ ಕಮ್ಮಿ: ಕಾಯಿಲ್ ಸುಡದೆ ಏನು ಮಾಡೀತು? ನಮ್ಮದರಲ್ಲಿ ಮೊದಲು ಬಿಸಿ ವಾರ್ನಿಶ್ ವಾಸನೆ ಬಂತು. ಜೋಳದ ಧೂಳಿನ ವಾಸನೆ ಅಂತ ಬಿಟ್ಟೆ. ಎರಡು ನಿಮಿಷಕ್ಕೆ ಗಾಳಿಯ ಕಿಂಡಿಯಿಂದ ತೆಳ್ಳಗೆ ಹೊಗೆ ಎದ್ದಿತು.

ಆದ್ದರಿಂದ ಅಂಗಡಿಯಲ್ಲಿ ವ್ಯಾಟ್ ಆಮೇಲೆ ಕೇಳಿ. ಮೊದಲು ವೇಗ ಕೇಳಿ.

ಪೆಟ್ಟಿಗೆಯ ಮೇಲೆ ಏನು ಓದಬೇಕು

'ನೋ ಲೋಡ್ ಸ್ಪೀಡ್', ಅಂದರೆ ಹೊರೆ ಇಲ್ಲದಾಗಿನ ವೇಗ, ಅನ್ನುವ ಸಾಲು ಹುಡುಕಿ. ಅಲ್ಲಿ ಒಂದೇ ಸಂಖ್ಯೆ ಇದ್ದರೆ, ಅದೂ 2,600ರ ಮೇಲಿದ್ದರೆ, ಪೆಟ್ಟಿಗೆ ವಾಪಸ್ ಕೊಡಿ. ಎರಡು ಸಂಖ್ಯೆ ಇದ್ದರೆ (ಮೊದಲಿನ ಸೊನ್ನೆ ಲೆಕ್ಕಕ್ಕಿಲ್ಲ) ಅದು ಎರಡು ಗೇರಿನ ಮಷೀನ್. ನಮಗೆ ಬೇಕಾದ್ದು ಅದೇ. ಗೇರ್ ವೇಗವನ್ನು ಇಳಿಸಿ ಬಲವನ್ನು ಏರಿಸುತ್ತದೆ. ಒಳಗೆ ಮೋಟರ್ ಮಾತ್ರ ಜೋರಾಗಿಯೇ ಓಡುತ್ತಿರುತ್ತದೆ, ಫ್ಯಾನಿಗೆ ಗಾಳಿ ಸಿಗುತ್ತದೆ.

ವೈರಿನ ಎರಡು ಗೇರ್ ಡ್ರಿಲ್‌ಗಳಲ್ಲಿ ಮೊದಲ ಗೇರು 1,000 ಸುತ್ತಿನ ಆಸುಪಾಸು ಇರುತ್ತದೆ. ನಡೆಯುತ್ತದೆ, ಆದರೆ ಬಟನ್ ಹದವಾಗಿ ಒತ್ತಬೇಕು. 500-600 ಸುತ್ತಿನ ಲೋ ಸ್ಪೀಡ್ ಡ್ರಿಲ್‌ಗಳೂ ಇವೆ. ಬಲಶಾಲಿ, ಆದರೆ ತೂಕ ಜಾಸ್ತಿ. ವಾರಕ್ಕೆ ಐದಾರು ಕಿಲೋ ಒಡೆಯುವ ಕೂಡು ಕುಟುಂಬಕ್ಕೆ ಸರಿ.

ನನ್ನ ಆಯ್ಕೆ 18 ವೋಲ್ಟಿನ ಬ್ಯಾಟರಿ ಡ್ರಿಲ್, ಬ್ರಶ್‌ಲೆಸ್, ಅಂದರೆ ಒಳಗೆ ಕಾರ್ಬನ್ ಬ್ರಶ್ ಇಲ್ಲದ, ಮೋಟರಿನದು. ಇವುಗಳ ಮೊದಲ ಗೇರು ಸಾಮಾನ್ಯವಾಗಿ 500 ಸುತ್ತಿನ ಸುತ್ತಮುತ್ತ. ಟಾರ್ಕ್ ಸಾಲಿನಲ್ಲಿ 'ಹಾರ್ಡ್', 'ಸಾಫ್ಟ್' ಅಂತ ಎರಡು ಅಂಕಿ ಇರುತ್ತವೆ. ಹಾರ್ಡ್ ಅನ್ನುವುದು ಒಂದು ಕ್ಷಣದ ಜಗ್ಗು. ನೀವು ಸಾಫ್ಟ್ ನೋಡಿ, 25 ನ್ಯೂಟನ್ ಮೀಟರ್ ಮೇಲಿರಲಿ. 12 ವೋಲ್ಟಿನ ಪುಟ್ಟ ಮಷೀನ್ ಎಷ್ಟೇ ಮುದ್ದಾಗಿದ್ದರೂ ಬೇಡ. ಬ್ಯಾಟರಿ 4 ಆಂಪಿಯರ್ ಅವರ್ ಇದ್ದರೆ ಅದರಲ್ಲಿ 72 ವ್ಯಾಟ್ ಅವರ್ ಶಕ್ತಿ ಇರುತ್ತದೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಸಾಕು. 2 ಆಂಪಿಯರಿನದ್ದು ಅರ್ಧಕ್ಕೇ ಕೈ ಕೊಡುತ್ತದೆ.

ಬ್ಯಾಟರಿ ಡ್ರಿಲ್‌ನ ಇನ್ನೊಂದು ಗುಣ ನನಗೆ ತುಂಬ ಹಿಡಿಸಿದ್ದು. ಕತ್ತಿನ ಹತ್ತಿರ ಅಂಕಿ ಬರೆದ ಉಂಗುರ ಇರುತ್ತದೆ, ಅದು ಕ್ಲಚ್. ಜೋಳದಲ್ಲಿ ಹರಳು ಸಿಕ್ಕಿ ಗಿರಣಿ ಗಕ್ಕನೆ ನಿಂತರೆ ಕ್ಲಚ್ ಕಟಕಟ ಅಂದು ಜಾರುತ್ತದೆ, ಮುಂಗೈ ತಿರುಚುವುದಿಲ್ಲ. ನಡುವಿನ ಅಂಕಿಯಿಂದ ಶುರು ಮಾಡಿ. ಸುಮ್ಸುಮ್ನೆ ಜಾರಿದರೆ ಒಂದೊಂದೇ ಏರಿಸಿ.

ಚಕ್, ಅಂದರೆ ಡ್ರಿಲ್ಲಿನ ಮುಂದಿನ ಹಿಡಿಯುವ ಬಾಯಿ, 13 ಎಂಎಂ ಇರಲಿ. ಬಟನ್ ಒತ್ತಿದಷ್ಟೇ ವೇಗ ಬರುವಂಥದ್ದಿರಲಿ. ಪಕ್ಕದ ಹಿಡಿಕೆ ಜೊತೆಗೆ ಕೊಡುತ್ತಾರಾ ಕೇಳಿ. ಇಂಪ್ಯಾಕ್ಟ್ ಡ್ರೈವರ್ ಮಾತ್ರ ತರಬೇಡಿ. ಅದು ಬಡಿಬಡಿದು ತಿರುಗಿಸುವಂಥದ್ದು, ಬೀಡುಕಬ್ಬಿಣ ಬಿರುಕು ಬಿಟ್ಟೀತು. ಹ್ಯಾಮರ್ ಇರುವ ಡ್ರಿಲ್ ಆದರೆ ಸುತ್ತಿಗೆಯ ಗುರುತಿನಿಂದ ಬರೀ ಡ್ರಿಲ್ಲಿನ ಗುರುತಿಗೆ ತಿರುಗಿಸಿಕೊಳ್ಳಿ.

ಮುಂಬೈಯಲ್ಲಿ ಕೊಳ್ಳೋಕೆ ನಾಗದೇವಿ ಸ್ಟ್ರೀಟೇ ಸರಿ. ಸ್ಲೋ ಲೋಕಲ್ ಹಿಡಿದು ಮಸ್ಜಿದ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಗಿರಣಿಯ ಹಿಡಿಕೆ ಬಿಚ್ಚಿದಾಗ ಸಿಗುವ ಬೋಲ್ಟನ್ನು ಚೀಲದಲ್ಲಿ ಒಯ್ಯಿರಿ. ಅದರ ತಲೆಯ ಮೇಲೆ ಟೋಪಿಯಂತೆ ಕೂರುವ ಸಾಕೆಟ್, ಸಾಕೆಟ್ಟಿಗೆ ಡ್ರಿಲ್ ಅಡಾಪ್ಟರ್ ಅಲ್ಲೇ ಸಿಗುತ್ತದೆ.

ಜೋಡಿಸುವುದು

ಹಿಡಿಕೆ ಬಿಚ್ಚಿ. ದಂಡದ ತುದಿ ಆರು ಮೂಲೆಯದಾದರೆ ಅದೃಷ್ಟ, ಚಕ್ಕಿನ ಮೂರು ಹಲ್ಲು ಗಟ್ಟಿಯಾಗಿ ಹಿಡಿಯುತ್ತವೆ. ದುಂಡಗಿದ್ದರೆ ಜಾರಿ ಜಾರಿ ಸವೆಯುತ್ತದೆ, ಅದಕ್ಕೇ ಆ ಬೋಲ್ಟನ್ನು ಮತ್ತೆ ದಂಡಕ್ಕೆ ಬಿಗಿದು, ಸಾಕೆಟ್‌ನಿಂದ ಅದರ ತಲೆ ಹಿಡಿಯುವುದು. ಗಿರಣಿಯನ್ನು ದಪ್ಪ ಹಲಗೆಗೆ ಬಿಗಿಯಿರಿ. ಅಡುಗೆ ಕಟ್ಟೆಯ ಗ್ರಾನೈಟಿಗೆ ಬೇಡ, ಅಂಚು ಒಡೆಯುತ್ತದೆ. ಡ್ರಿಲ್ ಮತ್ತು ದಂಡ ಒಂದೇ ಗೆರೆಯಲ್ಲಿರಲಿ. ಡ್ರಿಲ್ ಕೆಳಗೆ ಮಡಚಿದ ಟವೆಲ್ ಇಟ್ಟರೆ ಎತ್ತರ ಹೊಂದಿಸಬಹುದು. ಗಾಳಿಯ ಕಿಂಡಿ ಮಾತ್ರ ಮುಚ್ಚಬಾರದು. ದಂಡ ಕೂರುವ ಜಾಗಕ್ಕೆ ಎರಡು ಹನಿ ಅಡುಗೆ ಎಣ್ಣೆ ಬಿಡಿ. ಕೈಯಿಂದ ನಿಧಾನಕ್ಕೆ ತಿರುಗುವ ಲೆಕ್ಕದಲ್ಲಿ ಮಾಡಿದ ಗಿರಣಿ ಇದು, ಒಳಗೆ ಬೇರಿಂಗ್ ಇಲ್ಲ.

ಒಡೆಯುವುದು

ಜೋಳ ಆರಿಸಿ, ಕೇರಿ, ಒಂದು ಸಲ ಆಯಸ್ಕಾಂತ ಆಡಿಸಿ. ತೊಳೆದಿದ್ದರೆ ಗರಿಗರಿಯಾಗಿ ಒಣಗಲೇಬೇಕು. ಮುಂಬೈ ಮಳೆಗಾಲದಲ್ಲಿ ಬಿಸಿಲಿಗೆ ಕಾಯದೆ ದಪ್ಪ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿಕೊಳ್ಳಿ. ಹಸಿ ಕಾಳು ಗಿರಣಿಯ ಹಲ್ಲಿಗೆ ಮೆತ್ತಿ ಕೂರುತ್ತದೆ.

ಇನ್ನು ಮುಖ್ಯ ಮಾತು. ಕಾಳು ಸುರಿದು ಡ್ರಿಲ್ ಶುರು ಮಾಡಬಾರದು. ಖಾಲಿ ಗಿರಣಿ ತಿರುಗಲಿ, ಆಮೇಲೆ ಹಿಡಿ ಹಿಡಿಯಾಗಿ ಕಾಳು ಬಿಡಿ. ತುಂಬಿದ ಗಿರಣಿ ಹೊರಡಿಸುವಾಗಲೇ ಮೋಟರಿಗೆ ಅತಿ ಹೆಚ್ಚು ಹೊರೆ. ವೇಗ ನಿಮಿಷಕ್ಕೆ 100ರಿಂದ 150 ಸುತ್ತು ಸಾಕು. ದಂಡಕ್ಕೆ ಬಿಳಿ ಚುಕ್ಕೆ ಇಟ್ಟು ನೋಡಿ. ಸೆಕೆಂಡಿಗೆ ಎರಡು ಸಲ ಕಂಡರೆ 120. ಜೋರು ಮಾಡಿದರೆ ನುಚ್ಚಿನ ಬದಲು ಹಿಟ್ಟು, ಅದೂ ಬಿಸಿ ಹಿಟ್ಟು.

ಒಂದೇ ಸಲಕ್ಕೆ ಸಣ್ಣ ಮಾಡಬೇಡಿ. ಮೊದಲ ಸುತ್ತಿಗೆ ಹಲ್ಲು ಸಡಿಲ, ಕಾಳು ಎರಡು ಮೂರು ಹೋಳಾದರೆ ಸಾಕು. ಎರಡನೆಯದಕ್ಕೆ ಸ್ವಲ್ಪ ಬಿಗಿ ಮಾಡಿ. ನಮ್ಮಲ್ಲಿ ಕಿಲೋ ಜೋಳಕ್ಕೆ ಎರಡೂ ಸೇರಿ ಹನ್ನೆರಡು ನಿಮಿಷ. ನಡುವೆ ಡ್ರಿಲ್ಲಿನ ಮೈ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾದರೆ ಸುಮ್ಮನೆ ಆಫ್ ಮಾಡಬೇಡಿ. ಗಿರಣಿಯಿಂದ ಬಿಡಿಸಿ ಎರಡು ನಿಮಿಷ ಖಾಲಿಯಾಗಿ ಪೂರ್ತಿ ವೇಗದಲ್ಲಿ ಓಡಿಸಿ. ಫ್ಯಾನ್ ಗಾಳಿ ಹೊಡೆದು ಬೇಗ ತಂಪಾಗುತ್ತದೆ.

ಬಟನ್ ಲಾಕ್ ಹಾಕಬೇಡಿ. ಬೆರಳು ತೆಗೆದ ತಕ್ಷಣ ನಿಲ್ಲಬೇಕು. ಸೆರಗು ಸಿಕ್ಕಿಸಿ, ಕೂದಲು ಕಟ್ಟಿ, ಬಳೆ ತೆಗೆದಿಡಿ. ಸಿಕ್ಕಿಬಿದ್ದರೆ ಉಲ್ಟಾ ಗೇರ್ ಹಾಕಿ ಅರ್ಧ ಸುತ್ತು ಬಿಡಿಸಿ, ಅಷ್ಟೇ. ಜಾಸ್ತಿ ತಿರುಗಿಸಿದರೆ ಬೋಲ್ಟೇ ಕಳಚುತ್ತದೆ. ಗಿರಣಿಯೊಳಗೆ ಬೆರಳು ಹಾಕುವ ಮೊದಲು ಬ್ಯಾಟರಿ ಕಳಚಿ, ವೈರಿನದಾದರೆ ಪ್ಲಗ್ ಕೀಳಿ.

ರೊಟ್ಟಿಯ ಹಿಟ್ಟಿಗೆ ಈ ಜೋಡಿ ಬಳಸಬೇಡಿ. ಮನೆಯ ಹಿಟ್ಟಿನ ಗಿರಣಿಗಳಿಗೇ 1 ಎಚ್‌ಪಿ, ಅಂದರೆ 746 ವ್ಯಾಟಿನ ಮೋಟರ್ ಇರುತ್ತದೆ. ಹಿಟ್ಟಿಗೆ ಕೆಳಗಿನ ಗಿರಣಿಗೇ ಹೋಗಿ.

ಮುಗಿದ ಮೇಲೆ ಒಣ ಬ್ರಶ್ಶಿನಿಂದ ಹಲ್ಲು ಉಜ್ಜಿ, ಡ್ರಿಲ್ಲಿನ ಕಿಂಡಿಗೆ ಕೂತ ಧೂಳು ಊದಿ ತೆಗೆಯಿರಿ. ಗಿರಣಿಗೆ ನೀರು ಸೋಕಿಸಬೇಡಿ, ಮರುದಿನಕ್ಕೇ ತುಕ್ಕು. ನುಚ್ಚನ್ನು ಜರಡಿ ಹಿಡಿಯಿರಿ. ಕೆಳಗೆ ಬಿದ್ದ ಹಿಟ್ಟು ಚೆಲ್ಲಬೇಡಿ. ನುಚ್ಚು ಬೆಂದು ಬರುವಾಗ ತಣ್ಣೀರಲ್ಲಿ ಕದಡಿ ಸುರಿದರೆ ಗಟ್ಟಿಯಾಗುತ್ತದೆ, ಹುಳಿ ಮಜ್ಜಿಗೆ ಹಾಕಿ ಕಲಸಿದಾಗ ನೀರು ಬೇರೆ, ನುಚ್ಚು ಬೇರೆ ಆಗುವುದಿಲ್ಲ.