ಲ್ಯಾಬ್‌ಗೆ ಹೊರಟ ಕಾರವಾರ-ಶಿರಸಿ ಮಕ್ಕಳಿಗೆ

ಈ ಆಗಸ್ಟ್‌ಗೆ ಅಮೆರಿಕಕ್ಕೆ ಹೊರಟವರಲ್ಲಿ ನಮ್ಮ ಜಿಲ್ಲೆಯವರೂ ಇದ್ದೀರಿ. ಅದರಲ್ಲಿ ಕೆಲವರಿಗೆ ಸೋಶಿಯಲ್ ಮೀಡಿಯಾ ಸಂಶೋಧನೆಯ ಲ್ಯಾಬ್‌ಗಳಲ್ಲಿ ಗ್ರ್ಯಾಜುಯೇಟ್ ಅಸಿಸ್ಟೆಂಟ್ ಕೆಲಸ ಸಿಕ್ಕಿದೆ. ನಾನೂ ಅದೇ ದಾರಿಯಲ್ಲಿ ಬಂದವನು. ಈಗ ಅಂಥದೇ ಲ್ಯಾಬ್‌ನಲ್ಲಿ ಹೊಸಬರಿಗೆ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂದಿದೆ.

ಕಾಗದಪತ್ರದ ಮಾತು ಮೊದಲು ಮುಗಿಸಿಬಿಡೋಣ. ಐ-20, ಅಂದರೆ ವೀಸಾಕ್ಕೆ ಯೂನಿವರ್ಸಿಟಿ ಕೊಟ್ಟ ಪತ್ರ, ಕೈಚೀಲದಲ್ಲೇ ಇರಲಿ. ಹೋದ ಕೂಡಲೇ ಇಂಟರ್‌ನ್ಯಾಷನಲ್ ಆಫೀಸಿಗೆ ಮುಖ ತೋರಿಸಿ, ಸಂಬಳಕ್ಕೆ ಬೇಕಾದ ಸರ್ಕಾರಿ ಸಂಖ್ಯೆ ಸೋಶಿಯಲ್ ಸೆಕ್ಯುರಿಟಿ ನಂಬರಿಗೆ ಅರ್ಜಿ ಹಾಕಿ, ಬ್ಯಾಂಕ್ ಖಾತೆ ತೆರೆಯಿರಿ. ಮೊದಲ ಸಂಬಳ ತಡವಾಗುತ್ತದೆ, ಬಾಡಿಗೆಗೂ ಅಕ್ಕಿಬೇಳೆಗೂ ದುಡ್ಡು ಇಟ್ಟುಕೊಳ್ಳಿ. ಟ್ಯೂಷನ್ (ಪಾಠದ ಶುಲ್ಕ) ಮಾಫಿ ಅಂದರೆ ಎಲ್ಲವೂ ಮಾಫಿ ಅಂತಲ್ಲ, ಹೆಚ್ಚಿನ ಕಡೆ ‘ಫೀಸ್’ ಅಂತ ಬೇರೆ ಬಿಲ್ ಬರುತ್ತದೆ. ಮನೆಯಲ್ಲಿ ಕಟ್ಟಿಕೊಡುವ ತೊಡದೇವು, ನಮ್ಮ ಕಡೆಯ ಆ ತೆಳು ಸಿಹಿತಿಂಡಿ, ಅಲ್ಲಿಗೆ ಮುಟ್ಟುವಷ್ಟರಲ್ಲಿ ಪುಡಿಯಾಗಿರುತ್ತದೆ. ಆದರೂ ಒಯ್ಯಿರಿ, ಚಮಚದಲ್ಲಿ ತಿನ್ನಬಹುದು.

ಇನ್ನು ಲ್ಯಾಬ್. ಅಲ್ಲಿ ನೀವು ಬರೀ ವಿದ್ಯಾರ್ಥಿ ಅಲ್ಲ, ಸಂಬಳದ ಕೆಲಸದವರು. ಎಫ್-1 (ವಿದ್ಯಾರ್ಥಿ) ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ. ಅದು ಪ್ರೊಫೆಸರ್ ತೋರಿಸುವ ಕೃಪೆ ಅಲ್ಲ, ಕಾನೂನು. ನಮ್ಮವರಿಗೆ ಇದು ತಲೆಗೇ ಹೋಗುವುದಿಲ್ಲ. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ತೋಟದಲ್ಲಿ ಯಾರಾದರೂ ಗಂಟೆ ಲೆಕ್ಕ ಇಡುತ್ತಾರಾ? ಹಾಗೇ ಸಂಶೋಧನಾ ಪೇಪರ್ ಕಳಿಸುವ ಕೊನೆಯ ವಾರ ಹಗಲು ರಾತ್ರಿ ಕೂತು, ಟೈಮ್‌ಶೀಟಿನಲ್ಲಿ ಮಾತ್ರ 20 ಅಂತ ಬರೆಯುತ್ತಾರೆ. ಹಾಗೆ ಮಾಡಬೇಡಿ. ‘ಈ ವಾರದ ಗಂಟೆ ಮುಗಿಯಿತು, ಉಳಿದದ್ದು ಸೋಮವಾರ’ ಅಂತ ಇಮೇಲ್ ಹಾಕಿ. ಯಾರೂ ಸಿಟ್ಟಾಗುವುದಿಲ್ಲ. ಅವರ ಸಿಟ್ಟಲ್ಲ, ನಮ್ಮೊಳಗಿನ ‘ಆಯ್ತು ಸರ್’ ನಮ್ಮನ್ನು ಹಾಳು ಮಾಡುತ್ತದೆ.

ಆ ‘ಆಯ್ತು ಸರ್’ನಿಂದ ನಾನು ಕಳೆದುಕೊಂಡದ್ದು ಒಂದು ಇಡೀ ಸೆಮಿಸ್ಟರಿನ ಕೆಲಸ. ಲ್ಯಾಬ್‌ನಲ್ಲಿ ಪೋಸ್ಟ್ ಯಾವ ಭಾಷೆಯದು ಅಂತ ಗುರುತಿಸುವ ಒಂದು ಪ್ರೋಗ್ರಾಮ್ ಇತ್ತು. ಕಾರವಾರದ ಕಡೆಯವರು ಕೊಂಕಣಿಯನ್ನು ಕನ್ನಡ ಅಕ್ಷರದಲ್ಲಿ ಬರೆದದ್ದನ್ನೆಲ್ಲ ಅದು ಕನ್ನಡ ಅಂತ ಒಂದೇ ಡಬ್ಬಿಗೆ ತುಂಬುತ್ತಿತ್ತು. 1992ರಲ್ಲೇ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿದ ಭಾಷೆಗೆ ಅದರಲ್ಲಿ ಜಾಗವೇ ಇರಲಿಲ್ಲ. ನನಗೆ ಎರಡನೇ ವಾರವೇ ಗೊತ್ತಾಗಿತ್ತು. ಆದರೆ ಪ್ರೋಗ್ರಾಮ್ ಬರೆದವರು ನನಗಿಂತ ದೊಡ್ಡವರು, ಅನುಭವಸ್ಥರು. ದೊಡ್ಡವರ ಎದುರು ನಾನ್ಯಾಕೆ ಬಾಯಿ ಹಾಕಲಿ ಅಂತ ಸುಮ್ನೆ ಕೂತೆ. ಕೊನೆಗೆ ಹೊರಗಿನ ಪರಿಶೀಲಕರೊಬ್ಬರು ಹಿಡಿದು ಹಾಕಿದರು. ಲೇಬಲ್ ಹಾಕಿದ ಕೆಲಸವೆಲ್ಲ ಮತ್ತೆ ಮೊದಲಿಂದ. ಪ್ರೋಗ್ರಾಮ್ ಬರೆದವರು ಕೇಳಿದ್ದು ಒಂದೇ ಪ್ರಶ್ನೆ: ‘ನೀನು ಆ ಊರವನಲ್ಲವಾ?’ ಇವತ್ತಿಗೂ ಅದನ್ನು ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಹೋಗುವ ಮೊದಲು ನಿಮ್ಮ ಪ್ರೊಫೆಸರ್ ಬರೆದ ಪೇಪರ್ ಓದಿ, ಆದರೆ ಇಸವಿ ನೋಡಿ ಓದಿ. 2021ರಲ್ಲಿ ಟ್ವಿಟರ್ ಸಂಶೋಧಕರಿಗೆ ತಿಂಗಳಿಗೆ 1 ಕೋಟಿ ಟ್ವೀಟ್‌ವರೆಗೆ ಪುಕ್ಕಟೆ ಕೊಡುತ್ತಿತ್ತು, 2023ರಲ್ಲಿ ಆ ಬಾಗಿಲು ಮುಚ್ಚಿತು. ಅದೇ ವರ್ಷ ರೆಡ್ಡಿಟ್ ಕೂಡ ಬಿಗಿ ಮಾಡಿತು. ಫೇಸ್‌ಬುಕ್ ಪೋಸ್ಟ್ ಹುಡುಕಲು ಎಲ್ಲರೂ ನೆಚ್ಚಿಕೊಂಡಿದ್ದ ಕ್ರೌಡ್‌ಟ್ಯಾಂಗಲ್ 2024ರ ಆಗಸ್ಟ್‌ನಲ್ಲಿ ನಿಂತಿತು. ಹಳೆ ಪೇಪರಿನ ವಿಧಾನ ಹಿಡಿದು ‘ನಾನೂ ಹೀಗೇ ಡೇಟಾ ತೆಗೆಯುತ್ತೇನೆ’ ಅಂದರೆ ಮೀಟಿಂಗಿನಲ್ಲಿ ನಗುತ್ತಾರೆ. ‘ಈಗ ಡೇಟಾ ಎಲ್ಲಿಂದ ಬರುತ್ತದೆ?’ ಅಂತ ಮೊದಲ ದಿನವೇ ಕೇಳಿ.

ಐಆರ್‌ಬಿ, ಅಂದರೆ ಜನರ ಮೇಲಿನ ಸಂಶೋಧನೆಯ ನೀತಿ ನೋಡುವ ಸಮಿತಿ, ಅದರ ತರಬೇತಿ ಆನ್‌ಲೈನ್‌ನಲ್ಲೇ ಮುಗಿಯುತ್ತದೆ. ಪ್ರಮಾಣಪತ್ರ ಬಂತು ಅಂತ ಮರೆಯಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ, ಗಂಗಾವಳಿ ನದಿ ಎಲ್ಲ ಮಣ್ಣಾದ ದಿನಗಳಲ್ಲಿ ನಾನು ಕೆಲಸಕ್ಕೆ ಕೂತರೆ, ಪರದೆ ಮೇಲೆ ಬರುತ್ತಿದ್ದ ಕಾಮೆಂಟುಗಳು ನನ್ನ ಊರ ಕಡೆಯವರದ್ದೇ. ಸಾಲುಸಾಲಾಗಿ ಎಕ್ಸೆಲ್‌ನಲ್ಲಿ. ಒಬ್ಬರು ತಮ್ಮ ಮನೆಯವರು ಫೋನ್ ಎತ್ತುತ್ತಿಲ್ಲ ಅಂತ ಬರೆದಿದ್ದರು. ಆ ಸಾಲಿಗೂ ನಾನು, ಅದು ಯಾವ ಬಗೆಯದು ಅಂತ ಗುರುತಿಸಿ, ಒಂದು ಅಂಕಿ ಹಾಕಬೇಕಿತ್ತು. ಹೆಸರು ಅಳಿಸಿದರೆ ಸಾಕು ಅಂದುಕೊಳ್ಳಬೇಡಿ. ಸಾರ್ವಜನಿಕ ಪೋಸ್ಟಿನ ಒಂದು ಸಾಲನ್ನು ಹಾಗೇ ಪೇಪರಿನಲ್ಲಿ ಹಾಕಿದರೆ, ಯಾರೋ ಅದನ್ನು ಹುಡುಕುವ ಪೆಟ್ಟಿಗೆಗೆ ಅಂಟಿಸಿದ ಕೂಡಲೇ ಬರೆದವರ ಮುಖ ಎದುರಿಗೆ ಬರಬಹುದು. ಅದಕ್ಕೇ ಮಾತು ಬದಲಿಸಿ ಬರೆಯುತ್ತೇವೆ. ಆ ವಾರ ನನ್ನ ಪಾಲಿನ ಫೈಲನ್ನು ಬೇರೆಯವರಿಗೆ ಕೊಡಿ ಅಂತ ಕೇಳಿದೆ, ಕೊಟ್ಟರು. ಇಷ್ಟು ವರ್ಷ ಕಲಿತದ್ದು ಆ ಒಂದು ಇಮೇಲಿಗೆ ಉಪಯೋಗಕ್ಕೆ ಬಂತು.

ಊರಿನಿಂದ ದೂರ ಬಂದು ಊರನ್ನೇ ಪರದೆಯಲ್ಲಿ ನೋಡುವ ಕೆಲಸ ಇದು. ಶಿರಸಿ ಜಾತ್ರೆಯ ಬಗ್ಗೆ ಯಾರು ಎಷ್ಟು ಪೋಸ್ಟ್ ಹಾಕಿದರು ಅಂತ ಹೇಳಬಲ್ಲೆ, ಜಾತ್ರೆಗೆ ಮಾತ್ರ ರಜೆ ಹೊಂದುವುದಿಲ್ಲ. ಮಗಳಿಗೆ ಮಾರಿಕಾಂಬೆ ತೇರು ಅಂದರೆ ಫೋನಿನ ವಿಡಿಯೊ. ಅದರ ಬಗ್ಗೆ ಹೆಂಡತಿ ಹತ್ತಿರ ಮಾತಾಡಲು ಹೋದರೆ ಇಬ್ಬರಿಗೂ ಬೇಸರ ಬರುತ್ತದೆ, ಅಲ್ಲಿಗೇ ಬಿಡುತ್ತೇವೆ.

ಇಷ್ಟೆಲ್ಲ ಹೇಳುವ ನಾನು ಸುಳ್ಳು ಸುದ್ದಿ ಹರಡುವುದನ್ನೇ ಓದಿ ಸಂಬಳ ತಗೊಳ್ಳುವವನು. ಆದರೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಪ್ಪ ಹಾಕುವ ಫಾರ್ವರ್ಡಿಗೆ ‘ಇದು ಸುಳ್ಳು’ ಅನ್ನುವ ಧೈರ್ಯ ಇವತ್ತಿಗೂ ಬಂದಿಲ್ಲ. ಕಳೆದ ತಿಂಗಳು ಯಾವುದೋ ಸೊಪ್ಪಿನ ಕಷಾಯದಿಂದ ಸಕ್ಕರೆ ಕಾಯಿಲೆ ಪೂರ್ತಿ ಗುಣ ಅಂತ ಹಾಕಿದ್ದರು. ನನ್ನ ಮಗಳು ಅಮ್ಮನ ಫೋನ್ ತಗೊಂಡು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಳು: ‘ದೊಡ್ಡಜ್ಜ, ಇದು ಸುಳ್ಳು. ಮಾತ್ರೆ ಬಿಡಬೇಡಿ.’ ನಾನು ಊಟದ ತಟ್ಟೆ ಎದುರು ಕೂತು ಬೆವೆತೆ. ದೊಡ್ಡಪ್ಪ ‘ಆಯ್ತು ಮಗಾ’ ಅಂತ ಹಾಕಿ ಒಂದು ಹೆಬ್ಬೆರಳು ಕಳಿಸಿದರು. ಮರುದಿನ ಬೆಳಿಗ್ಗೆ ಇನ್ನೊಂದು ಫಾರ್ವರ್ಡ್ ಬಂತು, ಈ ಸಲ ಮಂಡಿನೋವಿಗೆ.