ಅಂಚು ಎದ್ದ 78ರ ತಟ್ಟೆಗಳನ್ನು ನೇರ ಮಾಡಿದ ಬಗೆ: ನನ್ನ ಅನುಭವ

ನಿಮಿಷಕ್ಕೆ 78 ಸುತ್ತು ತಿರುಗುವ, ಶೆಲ್ಯಾಕ್ ಅಂದರೆ ಅರಗಿನಿಂದ ಮಾಡಿದ ಹಳೆಯ ಗ್ರಾಮಫೋನ್ ತಟ್ಟೆಗೆ ಶಾಖ ಕೊಟ್ಟರೆ ಗೆರೆಗಳು ಕರಗಿ ಹಾಡೇ ಹೋಗುತ್ತದೆ ಎಂದು ಇಲ್ಲಿ ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ ನನಗೆ ಹೇಳದ ಸಂಗ್ರಾಹಕರಿಲ್ಲ. ಅವರಲ್ಲಿ ಕೆಲವರು ಈಗ ತಮ್ಮ ಸೊಟ್ಟಾದ ತಟ್ಟೆಗಳನ್ನು ನನ್ನ ಮನೆಗೇ ತಂದುಕೊಡುತ್ತಾರೆ. ನಾನು ನೇರ ಮಾಡಿಟ್ಟ ಕಂಟ್ರಿ ಅಂಡ್ ವೆಸ್ಟರ್ನ್ (ಅಮೆರಿಕದ ಹಳ್ಳಿಗಾಡಿನ ಸಂಗೀತ) ತಟ್ಟೆಗಳು ಇನ್ನೂರನ್ನು ದಾಟಿರುವುದರಿಂದ, ಈ ವಿಧಾನ ಕೆಲಸ ಮಾಡುತ್ತದೆ ಎಂದು ಬರೆಯುವ ಧೈರ್ಯ ಬಂದಿದೆ.

ನಾನು ಚನ್ನಪಟ್ಟಣದವನು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಆ ಉಜ್ಜಾಟದ ಬಿಸಿಗೇ ಬಣ್ಣ ಹತ್ತಿಕೊಳ್ಳುವುದನ್ನೂ, ತಾಳೆಗರಿಯಿಂದ ಒರೆಸಿದಾಗ ಅದು ಹೊಳಪೇರುವುದನ್ನೂ ಚಿಕ್ಕಂದಿನಿಂದ ನೋಡಿದವನು. ಅರಗು ಮೆತ್ತಗಾಗುವ ಶಾಖವೇ ಬೇರೆ, ಹರಿಯುವ ಶಾಖವೇ ಬೇರೆ ಎಂಬುದನ್ನು ನಮ್ಮೂರಿನಲ್ಲಿ ಯಾರೂ ಪುಸ್ತಕ ನೋಡಿ ಕಲಿಯುವುದಿಲ್ಲ. ಅಮೆರಿಕದ ತಟ್ಟೆಗಳಲ್ಲಿದ್ದ ಶೆಲ್ಯಾಕ್ ಕೂಡ ಬಹುಪಾಲು ಭಾರತದಿಂದಲೇ ಹೋದ ಅರಗು. ಎರಡನೆಯ ಮಹಾಯುದ್ಧದಿಂದ ಆ ಸರಬರಾಜು ಕುಸಿದಾಗ, 1942ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರ ರೆಕಾರ್ಡ್ ಕಂಪನಿಗಳ ಶೆಲ್ಯಾಕ್ ಬಳಕೆಯನ್ನು ಸುಮಾರು ಶೇ. 70ರಷ್ಟು ಕಡಿತಗೊಳಿಸಿತು, ಹಳೆಯ ತಟ್ಟೆಗಳನ್ನು ಪುಡಿ ಮಾಡಿ ಮತ್ತೆ ಅಚ್ಚಿಗೆ ಹಾಕುವುದು ರೂಢಿಯಾಯಿತು. ಆ ಕಾಲದ ತಟ್ಟೆಗಳು ಕರಕರ ಎನ್ನುವುದಕ್ಕೆ ಒಂದು ಕಾರಣ ಇದೇ.

ನನಗೆ ಸಿಗುವ ಮಾಲು ಹೆಚ್ಚಾಗಿ ಪಕ್ಕದ ಕೆಂಟಕಿ ರಾಜ್ಯದ ಉತ್ತರ ಭಾಗದ ಮನೆಗಳ ಅಟ್ಟದ್ದು. ಬೇಸಿಗೆಯಲ್ಲಿ ಆ ಅಟ್ಟಗಳು ಒಲೆಯಂತೆ ಕಾಯುತ್ತವೆ, ಓರೆಯಾಗಿ ನಿಲ್ಲಿಸಿದ ತಟ್ಟೆ ಅಲ್ಲಿಯೇ ಬಾಗುತ್ತದೆ. ಸಮತಟ್ಟಾದ ಗಾಜಿನ ಮೇಲಿಟ್ಟಾಗ ಅಂಚಿನ ಕೆಳಗೆ ಎರಡು ಕ್ವಾರ್ಟರ್ ನಾಣ್ಯಗಳು ಒಂದರ ಮೇಲೊಂದು ತೂರುವಷ್ಟು ಎದ್ದಿದ್ದರೆ ಅಂಗಡಿಯವರು ಅದನ್ನು ಕಸವೆಂದೇ ಎಣಿಸುತ್ತಾರೆ, ನಮಗೆ ಅರ್ಧ ಡಾಲರಿಗೆ ಬಿಟ್ಟುಕೊಡುತ್ತಾರೆ. ಅಂಚು ಎದ್ದಾಗ ಮೊದಲು ಕೆಡುವುದು ಹಾಡಿನ ಆರಂಭ. ಈ ಸಂಗೀತದಲ್ಲಿ ಸ್ಟೀಲ್ ಗಿಟಾರೂ ಪಿಟೀಲೂ ತಮ್ಮ ಗುರುತು ಹಾಕುವುದು ಆ ಮೊದಲ ಕೆಲವು ಸೆಕೆಂಡುಗಳಲ್ಲಿಯೇ. ಸ್ಟೀಲ್ ಗಿಟಾರಿನ ಎಳೆದ ಸ್ವರ ಪ್ರತಿ ಸುತ್ತಿಗೂ ಒಮ್ಮೆ ತೂಗಾಡಿದರೆ ಕೇಳಲಾಗದು.

ಮೊದಲು ಬಿಸಿಲಿನಲ್ಲಿ ನೋಡಿದೆ. ಓಹಾಯೋದ ಬಿಸಿಲು ನಂಬಿಕೆಗೆ ತಕ್ಕದ್ದಲ್ಲ. ಮೋಡ ಬಂದರೆ ಅರ್ಧ ಬಗ್ಗಿ ಅಲ್ಲಿಗೇ ನಿಲ್ಲುತ್ತಿತ್ತು. ಅಡುಗೆಮನೆಯ ಓವನ್ನಿನಲ್ಲಿ ಶಾಖ ಹತ್ತಿಪ್ಪತ್ತು ಡಿಗ್ರಿ ಮೇಲೆ ಕೆಳಗೆ ಜಿಗಿಯುತ್ತಿದ್ದುದರಿಂದ ಗಾಯಕ ಕೌಬಾಯ್ ಕೋಪಾಸ್‌ನ ಕಿಂಗ್ ಕಂಪನಿಯ ಒಂದು ತಟ್ಟೆಯ ಮೈಮೇಲೆ ಗಾಜಿನಲ್ಲಿದ್ದ ಧೂಳೆಲ್ಲ ಅಚ್ಚೊತ್ತಿಕೊಂಡಿತು. ಇನ್ನೊಂದನ್ನು ಬಿಸಿ ಗಾಜಿನಿಂದ ಬೇಗ ಹೊರಗೆ ತೆಗೆದಾಗ ರಂಧ್ರದಿಂದ ಅಂಚಿನವರೆಗೆ ಟಕ್ಕೆಂದು ಸೀಳಿತು. ಒಟ್ಟಿನಲ್ಲಿ ಮೂವತ್ತರಷ್ಟು ತಟ್ಟೆಗಳು ಈ ಹಂತದಲ್ಲಿ ಹೋದವು. ಆದರೂ ಹಣದ ಲೆಕ್ಕದಲ್ಲಿ ಅದು ಹದಿನೈದು ಇಪ್ಪತ್ತು ಡಾಲರು ಮಾತ್ರ.

ದಾರಿ ತೆರೆದದ್ದು ಬೇಕರಿಯವರು ಹಿಟ್ಟು ಹುದುಗಿಸಲು ಬಳಸುವ ಹಳೆಯ ಕಪಾಟಿನಿಂದ. ಎಂಬತ್ತು ತೊಂಬತ್ತು ಡಾಲರಿಗೆ ಸಿಕ್ಕಿತು. ಆರು ಮಿಲಿಮೀಟರ್ ದಪ್ಪದ ಗಾಜುಗಳಿಗೆ ಇನ್ನೊಂದು ನಲವತ್ತು ಖರ್ಚಾಯಿತು. ತಟ್ಟೆಯನ್ನು ಮೊದಲು ಬಟ್ಟಿ ಇಳಿಸಿದ ನೀರು ಮತ್ತು ಒಂದು ಹನಿ ಸೋಪಿನಲ್ಲಿ ತೊಳೆದು, ಲೇಬಲ್ಲಿಗೆ ನೀರು ಸೋಕದಂತೆ ನೋಡಿಕೊಂಡು, ಇಡೀ ದಿನ ಒಣಗಿಸುತ್ತೇನೆ. ಆಲ್ಕೋಹಾಲ್ ಶೆಲ್ಯಾಕನ್ನು ಕರಗಿಸುವುದರಿಂದ ಅದರ ಹತ್ತಿರವೂ ಹೋಗುವಂತಿಲ್ಲ. ನಂತರ ಎರಡು ಗಾಜುಗಳ ನಡುವೆ, ಮೇಲೆ ಬೇರಾವ ಭಾರವನ್ನೂ ಹೇರದೆ, ಐವತ್ತು ಐವತ್ತೈದು ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡುತ್ತೇನೆ. ಹೆಚ್ಚುಕಡಿಮೆ ಎರಡು ಗಂಟೆಯಲ್ಲಿ ಮೇಲಿನ ಗಾಜು ತಾನಾಗಿ ಕುಳಿತಿರುತ್ತದೆ, ಅಂಚಿನಲ್ಲಿ ಕಾಣುತ್ತಿದ್ದ ಬೆಳಕಿನ ಸಂದು ಮುಚ್ಚಿರುತ್ತದೆ. ಆಗ ಸ್ವಿಚ್ ಆರಿಸಿ, ಬಾಗಿಲು ತೆರೆಯದೆ, ಬೆಳಗಿನವರೆಗೆ ಬಿಡಬೇಕು. ಲೇಬಲ್ಲು ಗಾಜಿಗೆ ಅಂಟದಿರಲು ನಡುವೆ ಏನಿಡುತ್ತೇನೆ, ಅದನ್ನು ಹೇಗೆ ಹದ ಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಎರಡು ಚಳಿಗಾಲ ಹಿಡಿದಿವೆ.

ಗೆರೆ ಉಳಿಯಿತೇ ಎಂಬುದಕ್ಕೆ ನನ್ನ ಪರೀಕ್ಷೆ ಸರಳವಾದದ್ದು. ಎದ್ದ ಅಂಚಿನಿಂದ ಒಳಗಿರುವ, ಲೇಬಲ್ಲಿನ ಹತ್ತಿರದ ಭಾಗ ಮೊದಲೂ ನುಡಿಯುತ್ತದೆ; ಅದನ್ನು ಶಾಖಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ, ಅದೇ ಮುಳ್ಳಿನಲ್ಲಿ ಧ್ವನಿಮುದ್ರಿಸಿ ಪಕ್ಕಪಕ್ಕ ಇಟ್ಟು ಕೇಳುತ್ತೇನೆ. ಕಿಟ್ಟಿ ವೆಲ್ಸ್ 1952ರಲ್ಲಿ ಡೆಕ್ಕಾ ಕಂಪನಿಗೆ ಹಾಡಿ, ಒಂಟಿ ಗಾಯಕಿಯೊಬ್ಬರನ್ನು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೆ ಮೊದಲ ಬಾರಿ ಏರಿಸಿದ ಆ ತಟ್ಟೆಯಲ್ಲಿ, ಅವರ ಸಕಾರದ ಚೂಪು ಎರಡೂ ಮುದ್ರಣಗಳಲ್ಲಿ ಒಂದೇ ಆಗಿತ್ತು. ಸಂಶಯ ಪಡುತ್ತಿದ್ದ ಗೆಳೆಯರೊಬ್ಬರಿಗೆ ಯಾವುದು ಮೊದಲಿನದು ಎಂದು ಹೇಳದೆ ಕೇಳಿಸಿದೆ. ಅವರಿಂದ ಗುರುತಿಸಲಾಗಲಿಲ್ಲ.

ಎಲ್ಲ ತಟ್ಟೆಗೂ ಇದು ಹೊಂದುವುದಿಲ್ಲ. ಕೊಲಂಬಿಯಾ ಕಂಪನಿಯವರು ಒರಟು ತಿರುಳಿನ ಮೇಲೆ ನಯವಾದ ಪದರ ಹೊದಿಸುತ್ತಿದ್ದರು; ಅದಕ್ಕೇ ಅವರ ತಟ್ಟೆಗಳಲ್ಲಿ ಕರಕರ ಸದ್ದು ಕಡಿಮೆ. ಆದರೆ ಬಿಸಿಯಲ್ಲಿ ಪದರ ಒಂದು ಕಡೆ, ತಿರುಳು ಇನ್ನೊಂದು ಕಡೆ ಎಳೆಯುವುದರಿಂದ ಗಾಯಕ ಲೆಫ್ಟಿ ಫ್ರಿಜೆಲ್‌ನ ತಟ್ಟೆಯೊಂದರ ಮೇಲೆ ಕೂದಲಿನಷ್ಟು ಸಣ್ಣ ಬಿರುಕುಗಳು ಹರಡಿದವು. ಆಮೇಲೆ ಕೊಲಂಬಿಯಾವನ್ನು ನಾನು ಮುಟ್ಟಿಲ್ಲ. ಕುತೂಹಲಕ್ಕೆಂದು ಆರ್‌ಸಿಎ ವಿಕ್ಟರ್ ಕಂಪನಿ 1949ರಲ್ಲಿ ನಿಮಿಷಕ್ಕೆ 45 ಸುತ್ತಿನ ವೇಗವನ್ನು ತಂದಾಗ ಕಂಟ್ರಿ ಸರಣಿಗೆ ಬಳಸಿದ ಹಸಿರು ವಿನೈಲ್ ಪ್ಲಾಸ್ಟಿಕ್ಕಿನ, ಗಾಯಕ ಎಡಿ ಆರ್ನಲ್ಡ್ ಹಾಡಿದ ತಟ್ಟೆಯೊಂದನ್ನೂ ಅದೇ ಕಪಾಟಿನಲ್ಲಿಟ್ಟೆ. ಅದು ನೇರವಾದಂತೆ ಕಂಡು ವಾರದೊಳಗೆ ತನ್ನ ಹಳೆಯ ಡೊಂಕಿಗೆ ಮರಳಿತು. ವಿನೈಲಿನ ಹದ ಬೇರೆಯೇ, ಆ ಪ್ರಯೋಗ ಇನ್ನೂ ನಡೆದಿದೆ.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಗಾಯಕ ಹ್ಯಾಂಕ್ ವಿಲಿಯಮ್ಸ್‌ನ ಎಂಜಿಎಂ ಕಂಪನಿಯ ತಟ್ಟೆ. 1948ರ ಡಿಸೆಂಬರ್ 22ರಂದು ಇದೇ ಊರಿನ ರೇಸ್ ಸ್ಟ್ರೀಟಿನ ಹರ್ಜಾಗ್ ಸ್ಟುಡಿಯೋದಲ್ಲಿ ಅವನು 'ಲವ್‌ಸಿಕ್ ಬ್ಲೂಸ್' ಹಾಡಿದ; ಮರುವರ್ಷ ಅದು ಪಟ್ಟಿಯ ತುದಿಗೇರಿತು. ನನ್ನಲ್ಲಿದ್ದ ಅದರ ಪ್ರತಿಯು ತಟ್ಟೆಯಂತಿರದೆ ಬಟ್ಟಲಿನ ಆಕಾರದಲ್ಲಿತ್ತು. ಒಂದೇ ಸಲಕ್ಕೆ ಬಗ್ಗದೆ ಮೂರು ರಾತ್ರಿ ಕಪಾಟಿನಲ್ಲಿ ಕಳೆಯಿತು. ಈಗ ಮೂರು ಮಿಲ್ (ಇಂಚಿನ ಸಾವಿರದ ಮೂರು ಪಾಲು) ಅಳತೆ‌ನ ಮುಳ್ಳು, ನಾಲ್ಕು ಗ್ರಾಂ ಭಾರದಲ್ಲಿ ಮೊದಲ ಗೆರೆಯಿಂದಲೇ ಕೂತು ನಡೆಯುತ್ತದೆ, ಅವನ ದನಿ ಒಡೆದು ಮೇಲಕ್ಕೆ ಹಾರುವ ಜಾಗಗಳಲ್ಲಿಯೂ ಅಲುಗುವುದಿಲ್ಲ. ಅರ್ಧ ಡಾಲರಿನ ಆ ತಟ್ಟೆಗೆ ಒಬ್ಬರು ಹದಿನೈದು ಕೊಡಲು ಬಂದರು. ಕೊಡಲಿಲ್ಲ. ಬೇರೆಯವರ ತಟ್ಟೆಗೆ ನಾನು ಎರಡು ಡಾಲರು ತೆಗೆದುಕೊಳ್ಳುತ್ತೇನೆ; ವಿದ್ಯುತ್ತಿಗೂ ಗಾಜಿಗೂ ಅಷ್ಟು ಸಾಕಾಗುತ್ತದೆ. ಕೊಲಂಬಿಯಾ ಲೇಬಲ್ ಕಂಡರೆ ಮಾತ್ರ ವಾಪಸು ಕಳಿಸುತ್ತೇನೆ.