ಯಾವುದರಿಂದ ಶುರು ಮಾಡಬೇಕು ಅಂತ ಶೀಟೇ ಹೇಳುತ್ತದೆ

ದಾವಣಗೆರೆಯಲ್ಲಿ ಪಿಯುಸಿ, ಡಿಗ್ರಿ ಮಕ್ಕಳಿಗೆ ಕೌನ್ಸೆಲಿಂಗ್ ಮಾಡುತ್ತೇನೆ. ಅವರು ದಿನಾ ತುಂಬುವ ಅಂಕಿಗಳನ್ನು ನೋಡಿ ಯಾವ ಚಿಕಿತ್ಸೆ ಮೊದಲು ಅಂತ ತೀರ್ಮಾನಿಸುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. "ಮಕ್ಕಳು ಮನಸ್ಸು ಬಿಚ್ಚಿ ಮಾತಾಡಬೇಕು ಕಣ್ರೀ, ಫಾರ್ಮ್ ತುಂಬೋದಲ್ಲ" ಅಂದರು ಹಿರಿಯರೊಬ್ಬರು. ಈಗ ಅವರೇ ಈ ಅಂಕಿಗಳ ಶೀಟು ಕೇಳಿ ತಗೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9, ಆತಂಕ ಅಳೆಯುವ ಜಿಎಡಿ-7 ಪ್ರಶ್ನಾವಳಿಗಳು ಕೌನ್ಸೆಲರ್‌ಗಳಿಗೆಲ್ಲ ಗೊತ್ತು, ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಮೊದಲ ದಿನ ತುಂಬಿಸಿ ಫೈಲಿಗೆ ಹಾಕಿಬಿಡುತ್ತೇವೆ, ತೊಂದರೆ ಅಲ್ಲೇ. ಪಿಎಚ್‌ಕ್ಯೂನಲ್ಲಿ ಇಬ್ಬರು ಮಕ್ಕಳಿಗೂ 14 ಬಂದಿರುತ್ತದೆ. ಒಬ್ಬನಿಗೆ ಅದರ ಬಹುಪಾಲು ನಿದ್ದೆ, ಸುಸ್ತು, ಓದಿನಲ್ಲಿ ಗಮನ ನಿಲ್ಲದಿರುವುದರಿಂದ. ಇನ್ನೊಬ್ಬಳಿಗೆ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನೆಯವರ ತಲೆ ತಗ್ಗಿಸಿದೆ ಅನ್ನುವ ಕೊರಗು, ಇವುಗಳಿಂದ. ಒಟ್ಟು ಒಂದೇ, ಆದರೆ ಮಾಡಬೇಕಾದ ಕೆಲಸ ಬೇರೆ, ಅಲ್ವಾ?

ಅದಕ್ಕೇ ದಿನಾ ಅಂಕಿ ತುಂಬಿಸಲು ಮೊದಲು ಆ್ಯಪ್ ಮಾಡಿಸಿದೆ. ಸುಮಾರು ಎಂಬತ್ತು ಸಾವಿರ ಹೋಯಿತು. ಮಾಡಿಕೊಡುವವರು ಅರ್ಧಕ್ಕೇ ಬಿಟ್ಟರು. ಕೊಟ್ಟಷ್ಟೂ ಹಳೇ ಫೋನುಗಳಲ್ಲಿ ಓಡಲಿಲ್ಲ. ಓಡಿದ ಕಡೆಯೂ ಎರಡನೇ ವಾರಕ್ಕೆ ಮಕ್ಕಳು ತುಂಬುವುದು ನಿಲ್ಲಿಸಿದರು. ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ ಇರುತ್ತಾರೆ, ಅವರೆದುರು ಇಂಥ ಆ್ಯಪ್ ಫೋನಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಆಮೇಲೆ ಕೈಗೆ ಕಟ್ಟುವ ಬ್ಯಾಂಡು ತಂದೆ, ಒಂದಕ್ಕೆ ಎರಡು ಸಾವಿರದ ಹತ್ತಿರ. ಬಿದ್ದುಕೊಂಡು ರೀಲ್ಸ್ ನೋಡಿದ್ದನ್ನೂ ಅವು ನಿದ್ದೆ ಅಂತ ಲೆಕ್ಕ ಹಾಕಿದವು. ಅರ್ಧದಷ್ಟು ಬ್ಯಾಂಡು ವಾಪಸ್ಸೇ ಬರಲಿಲ್ಲ.

ಕೊನೆಗೆ ಕೈಹಿಡಿದದ್ದು ಪುಕ್ಕಟೆ ಗೂಗಲ್ ಫಾರ್ಮ್. ಹೆಸರಿಲ್ಲ, ಕೋಡ್ ಮಾತ್ರ. ಕೋಡ್ ಯಾರದು ಅನ್ನುವುದು ಬೀಗ ಹಾಕಿದ ಕಪಾಟಿನ ನೋಟ್‌ಬುಕ್ಕಿನಲ್ಲಿರುತ್ತದೆ. ಹದಿನೆಂಟು ತುಂಬದವರಿಗೆ ಅಪ್ಪ ಅಮ್ಮನ ಸಹಿ ಬೇಕೇ ಬೇಕು. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಮನಸ್ಸು ಹತ್ತಕ್ಕೆ ಎಷ್ಟು, ಸಂಜೆ ಏನು ಮಾಡಿದೆ, ಇಷ್ಟು ಕೇಳುತ್ತೇನೆ. ಇನ್ನೆರಡು ಪ್ರಶ್ನೆ ಇವೆ, ಅವನ್ನು ಇಲ್ಲಿ ಬರೆಯುವುದಿಲ್ಲ. ಪದ ಪದ ತಿದ್ದಿ ಹದಕ್ಕೆ ತರಲು ವರ್ಷಗಳೇ ಹಿಡಿದಿವೆ. ರಾತ್ರಿ ಕಳಿಸಿದರೆ ಯಾರೂ ತುಂಬಲ್ಲ. ಮೆಸ್ಸಿನಲ್ಲಿ ತಿಂಡಿಗೆ ಕ್ಯೂ ನಿಂತ ಹೊತ್ತಿಗೆ ಕಳಿಸಿದರೆ ಹತ್ತರಲ್ಲಿ ಏಳು ಜನ ತುಂಬುತ್ತಾರೆ.

ಎರಡು ವಾರದ ಅಂಕಿ ಕೈಗೆ ಬರುವ ತನಕ ಯಾವ ಥೆರಪಿಯನ್ನೂ ಹಿಡಿಯುವುದಿಲ್ಲ.

ಒಬ್ಬ ಸೆಕೆಂಡ್ ಪಿಯು ಹುಡುಗ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಪಿಎಚ್‌ಕ್ಯೂ 16ರ ಆಸುಪಾಸು. ಮಲಗುವುದು ರಾತ್ರಿ ಎರಡಕ್ಕೆ. ಯಾರೇ ಆದರೂ ನಿದ್ದೆಯಿಂದಲೇ ಶುರು ಮಾಡುತ್ತಿದ್ದರು. ಆದರೆ ಶೀಟಿನಲ್ಲಿ ನಾಲ್ಕು ಗಂಟೆ ಮಲಗಿದ ಮರುದಿನವೂ ಮನಸ್ಸು ಮೂರು, ಏಳು ಗಂಟೆ ಮಲಗಿದ ಮರುದಿನವೂ ಮೂರು. ಆರು, ಏಳಕ್ಕೆ ಏರಿದ್ದು ಸಂಜೆ ಶಟಲ್ ಆಡಿದ ದಿನ ಮಾತ್ರ. ಟ್ಯೂಷನ್ ಹಾಕಿದ ಮೇಲೆ ಆಟ ವಾರಕ್ಕೊಂದು ದಿನಕ್ಕೆ ಇಳಿದಿತ್ತು. ನಿದ್ದೆಯನ್ನು ಪಕ್ಕಕ್ಕಿಟ್ಟು ಬಿಹೇವಿಯರಲ್ ಆ್ಯಕ್ಟಿವೇಶನ್ ಹಿಡಿದೆ, ಅಂದರೆ ಮನಸ್ಸಿಗೆ ಹಿತ ಕೊಡುವ ಚಟುವಟಿಕೆಗಳನ್ನು ಮತ್ತೆ ದಿನಚರಿಗೆ ತರುವ ಥೆರಪಿ. ಮೊದಲ ಹೆಜ್ಜೆಯೇ ಆಟ. ಅಪ್ಪನನ್ನು ಒಪ್ಪಿಸಲು ಒಂದು ಸೆಷನ್ ಪೂರ್ತಿ ಬೇಕಾಯಿತು. ಹುಡುಗನನ್ನು ಕೇಳಿಕೊಂಡೇ ಅವರಿಗೆ ಶೀಟಿನ ಗ್ರಾಫ್ ತೋರಿಸಿದೆ. "ಆಯ್ತು ಸಾರ್, ವಾರಕ್ಕೆ ನಾಲ್ಕು ದಿನ ಆಡಲಿ" ಅಂದರು. ಆರೇಳು ವಾರದಲ್ಲಿ ಪಿಎಚ್‌ಕ್ಯೂ 7ಕ್ಕೆ ಬಂತು. ಮಲಗುವುದೂ ಹನ್ನೆರಡಕ್ಕೆ ಬಂತು, ಅದಕ್ಕೆ ನಾನು ಬೇರೆ ಏನೂ ಮಾಡಲಿಲ್ಲ.

ನಾಲ್ಕು ವಾರದಲ್ಲಿ ಪಿಎಚ್‌ಕ್ಯೂ 5 ಅಂಕ ಇಳಿಯದಿದ್ದರೆ ದಾರಿ ಬದಲಿಸುತ್ತೇನೆ, ಇಲ್ಲವೇ ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸುತ್ತೇನೆ. ಎದುರು ಕೂತವರು ಹದಗೆಡುತ್ತಿದ್ದರೂ ಥೆರಪಿಸ್ಟ್ ಕಣ್ಣಿಗೆ ಎಷ್ಟೋ ಸಲ ಬೀಳುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಮೈಕೆಲ್ ಲ್ಯಾಂಬರ್ಟ್ ಮತ್ತು ಅವರ ಜೊತೆಗಾರರು ಇದನ್ನು ಹಿಂದೆಯೇ ತೋರಿಸಿದ್ದಾರೆ.

ಪಿಎಚ್‌ಕ್ಯೂನ ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೇ ನೋವು ಮಾಡಿಕೊಳ್ಳುವ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಏನು ಬಂದರೂ ಆಗಲೇ ಫೋನ್ ಮಾಡುತ್ತೇನೆ. ಫಾರ್ಮಿನ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಇರುತ್ತದೆ, 24 ಗಂಟೆಯೂ ಕರೆ ಮಾಡಬಹುದು. ದಿನಾ ಉತ್ತರ ನೋಡಲು ಜನ ಇಲ್ಲದಿದ್ದರೆ ದಯವಿಟ್ಟು ಈ ಫಾರ್ಮ್ ಕಳಿಸಲೇಬೇಡಿ.

ಈಗ ಪಕ್ಕದಲ್ಲಿ ಇನ್ನೊಂದು ನಡೆದಿದೆ. ಕೆಲವರಿಂದ ವಾಟ್ಸ್ಆ್ಯಪ್‌ನಲ್ಲಿ ದಿನಕ್ಕೊಂದು ವಾಯ್ಸ್ ನೋಟ್ ತರಿಸುತ್ತಿದ್ದೇನೆ. ಮನಸ್ಸು ಕುಗ್ಗುವ ಮುಂಚೆಯೇ ನೋಟು ಚಿಕ್ಕದಾಗುತ್ತಾ ಬರುತ್ತದೆ ಅಂತ ಕಾಣುತ್ತಿದೆ. ಕೇಳುವುದಕ್ಕೇ ದಿನಕ್ಕೆ ಒಂದು ಗಂಟೆ ಹೋಗುತ್ತದೆ. ಜೂನ್‌ನಲ್ಲಿ ಹೊಸ ಬ್ಯಾಚ್ ಬಂದ ಮೇಲೆ ಜಾಸ್ತಿ ಜನರಲ್ಲಿ ನೋಡಬೇಕು.